ಸುಂಟರಗಾಳಿಯೂ ಮುನ್ನೆಚ್ಚರಿಕೆಯೂ



ಸುಂಟರಗಾಳಿಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಬೇಸಗೆಯ ಬಯಲಿನಲ್ಲಿ ಧೂಳನ್ನೂ ತರಗೆಲೆಯನ್ನೂ ಸುತ್ತಿಕೊಂಡು ಏಳುವ ಗಾಳಿ. ನೆಲದ ಕಾವಿನಿಂದ ಹುಟ್ಟಿ ಕ್ಷಣದಲ್ಲಿ ಅಡಗುವ ಅದಕ್ಕೂ, ಅಮೆರಿಕದ ದಕ್ಷಿಣ ಸಂಸ್ಥಾನಗಳನ್ನು 2011ನೆಯ ಇಸವಿ ಏಪ್ರಿಲ್ 25ರಿಂದ 28ರ ವರೆಗೆ ಹಾಳುಗೆಡವಿದ ಸುಂಟರಗಾಳಿಗಳಿಗೂ ಹೆಸರೊಂದೇ ಹೊರತು ಕುಲವೊಂದಲ್ಲ. ಇವು ಮೋಡದಿಂದ ಇಳಿಯುವಂಥವು. ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ಬಂದ ಬೆಚ್ಚನೆಯ ತೇವದ ಗಾಳಿಯು ಮೇಲಕ್ಕೆ ನುಗ್ಗುತ್ತಿರುವಾಗ, ಎತ್ತರಕ್ಕೆ ಹೋದಂತೆಲ್ಲ ಗಾಳಿಯ ದಿಕ್ಕೂ ವೇಗವೂ ಬದಲಾಗುತ್ತಿದ್ದರೆ, ಗುಡುಗಿನ ಮೋಡವೇ ಬುಗುರಿಯಂತೆ ತಿರುಗತೊಡಗುವುದುಂಟು. ಆ ಸುತ್ತು ಕಿರಿದಾಗಿ ನೆಲವನ್ನು ಮುಟ್ಟಿತೆಂದರೆ ಅನಾಹುತವೇ ಸರಿ. ಆ ನಾಲ್ಕು ದಿನಗಳಲ್ಲಿ ಇಂತಹ ಸುಂಟರಗಾಳಿಗಳು 350ಕ್ಕೂ ಹೆಚ್ಚು ಎದ್ದು, 300ಕ್ಕೂ ಹೆಚ್ಚು ಮಂದಿಯನ್ನು ಬಲಿಗೊಂಡವು. ಬಹುಪಾಲು ಸಾವು ಸಂಭವಿಸಿದ್ದು 27ರಂದು, ಅಲಬಾಮ ಸಂಸ್ಥಾನದಲ್ಲಿ.

ಇಲ್ಲಿ ವಿಚಾರಮಾಡತಕ್ಕ ಸಂಗತಿಯೊಂದುಂಟು. ಹವಾಮಾನ ಇಲಾಖೆಯವರು ನಿದ್ರಿಸುತ್ತಿರಲಿಲ್ಲ. ಅಪಾಯವನ್ನು ದಿನಗಳ ಮುಂಚೆಯೇ ಸಾರಿದ್ದರು. ಗಾಳಿ ಬಂದೆರಗುವುದಕ್ಕೆ ಸರಾಸರಿ 20 ನಿಮಿಷಗಳಿಗೂ ಮೊದಲೇ ಎಚ್ಚರಿಕೆ ಹೊರಟಿತ್ತು. ಹೀಗಿದ್ದೂ ಇಷ್ಟು ಜನ ಸತ್ತುದೇತಕ್ಕೆ?

27ರ ಬೆಳಗಿನ ಜಾವ ಬಿರುಮಳೆಯ ಸಾಲೊಂದು ಹಾದುಹೋಗಿ ವಿದ್ಯುತ್ತಿನ ತಂತಿಗಳನ್ನು ಕಡಿದುಹಾಕಿತ್ತು. ಹಲವೆಡೆ ದೂರದರ್ಶನ ನಂದಿತು; ಹವಾವರ್ತಮಾನವನ್ನೇ ಬಿತ್ತರಿಸುವ ಕೆಲವು ರೇಡಿಯೊ ಪ್ರೇಷಕಗಳೂ ಮೂಕವಾದವು. ರೇಡಿಯೊವನ್ನೇ ನೆಚ್ಚಿದ ನಮ್ಮಂಥವರಿಗೆ ಇದು ಅರಗಿಸಿಕೊಳ್ಳಲು ಕಷ್ಟವಾದ ಮಾತು. ಬಂದ ಗಂಡಾಂತರ ಕಳೆಯಿತೆಂದು ಸಮಾಧಾನಪಟ್ಟುಕೊಂಡವರೂ ಇದ್ದಿರಬೇಕು. ಮಧ್ಯಾಹ್ನದ ಮೇಲೆ ನಿಜವಾದ ಮಾರಿ ಬಂದಿತು. ಹ್ಯಾಕಲ್‌ಬರ್ಗ್, ಫಿಲ್ ಕ್ಯಾಂಬೆಲ್ ಎಂಬ ಸಣ್ಣ ಊರುಗಳನ್ನು ನೆಲಸಮಮಾಡಿದ ಒಂದೇ ಸುಂಟರಗಾಳಿ 200 ಕಿಲೋಮೀಟರಿಗೂ ಮಿಗಿಲಾಗಿ ಓಡಿ 72 ಮಂದಿಯನ್ನು ಕೊಂದಿತು. ಟಸ್ಕಲೂಸ ಪಟ್ಟಣವನ್ನು ಸೀಳಿ ಬರ್ಮಿಂಗ್‌ಹ್ಯಾಮಿನತ್ತ ನಡೆದ ಇನ್ನೊಂದಕ್ಕೆ 60ಕ್ಕೂ ಹೆಚ್ಚು ಜನ ತುತ್ತಾದರು.

ಎಚ್ಚರಿಕೆ ಕಿವಿಗೆ ಬಿದ್ದವರಾದರೂ ಹೋಗುವುದೆಲ್ಲಿಗೆ? ಆ ಸೀಮೆಯಲ್ಲಿ ನೆಲಮಾಳಿಗೆಯಿಲ್ಲದ ಮನೆಗಳು ಬಹಳ. ಗಾಲಿಗಳ ಮೇಲೆ ಎಳೆತಂದು ನಿಲ್ಲಿಸಿದ ಹಗುರವಾದ ಬಡವರ ಮನೆಗಳೂ ಅನೇಕ. ಇಂತಹ ಮನೆಯಲ್ಲಿರುವವನಿಗೆ 20 ನಿಮಿಷದ ಸೂಚನೆಯೊಂದೇ ಸಾಲದು, ಓಡಿ ಸೇರಲು ಒಂದು ಗಟ್ಟಿಯಾದ ಕೋಣೆಯೂ ಬೇಕು. ಅನಂತರದ ವರ್ಷಗಳಲ್ಲಿ ಅಲಬಾಮದ ಹಲವು ಊರುಗಳು ಸಾರ್ವಜನಿಕ ಆಶ್ರಯಗೃಹಗಳನ್ನು ಕಟ್ಟಿಕೊಂಡವು.

ಮನೆಗಳೊಡನೆ ಮನೆಯ ನೆನಪುಗಳೂ ಹಾರಿಹೋಗಿದ್ದವು. ದೂರದ ಹೊಲಗಳಲ್ಲಿ ಬಿದ್ದ ಭಾವಚಿತ್ರಗಳನ್ನೂ ಕಾಗದಪತ್ರಗಳನ್ನೂ ಅಪರಿಚಿತರು ಆಯ್ದಿಟ್ಟು, ಫೇಸ್‌ಬುಕ್ಕಿನಲ್ಲಿ ಪ್ರಕಟಿಸಿ, ಒಡೆಯರನ್ನು ಹುಡುಕಿದರು. ಫಿಲ್ ಕ್ಯಾಂಬೆಲ್‌ನ ಒಂದು ಭಾವಚಿತ್ರವು ಸುಮಾರು 350 ಕಿಲೋಮೀಟರು ದೂರದಲ್ಲಿ, ಟೆನೆಸೀ ಸಂಸ್ಥಾನದ ಊರೊಂದರಲ್ಲಿ ಸಿಕ್ಕಿತು.