ನಾಯಿ ಬೆಕ್ಕುಗಳ ತುರಿಕೆ

ಹೂವಿನ ಪರಾಗವಾಗಲಿ ಮನೆಯ ಧೂಳಾಗಲಿ ಒಗ್ಗದಿದ್ದರೆ ಮನುಷ್ಯನಿಗೆ ಸೀನು ಬರುತ್ತದೆ, ಮೂಗು ಸೋರುತ್ತದೆ, ಕಣ್ಣು ಕೆಂಪೇರುತ್ತದೆ. ನಾಯಿ ಬೆಕ್ಕುಗಳಲ್ಲಾದರೋ ಅದೇ ಒಗ್ಗದಿರುವಿಕೆ ಬಹುಮಟ್ಟಿಗೆ ಚರ್ಮದಲ್ಲಿಯೇ ಪ್ರಕಟವಾಗುತ್ತದೆ. ಆದಕಾರಣ, ಎಡೆಬಿಡದೆ ಪಾದಗಳನ್ನು ನೆಕ್ಕುವ ನಾಯಿಯನ್ನು ಕೆಟ್ಟ ಚಾಳಿಯದೆಂದು ಗದರಿಸುವವರೂ, ಹೊಟ್ಟೆಯ ರೋಮವೆಲ್ಲ ಹೋಗುವಂತೆ ಮೈ ನೆಕ್ಕಿಕೊಳ್ಳುವ ಬೆಕ್ಕನ್ನು ಶುಚಿತ್ವಪ್ರಿಯವೆಂದು ಮೆಚ್ಚುವವರೂ ವ್ಯಾಧಿಯ ಪ್ರಥಮ ಲಕ್ಷಣವನ್ನು ಕಂಡೂ ಕಾಣದವರಾಗುತ್ತಾರೆ.

ನಿರುಪದ್ರವಿಯಾದ ವಸ್ತುವನ್ನು ಶತ್ರುವೆಂದು ಭಾವಿಸಿ ದೇಹದ ರಕ್ಷಣಾಶಕ್ತಿ ಅದರ ಮೇಲೆ ಕೆರಳುವುದೇ ಅಲರ್ಜಿ. ಪರಾಗ, ಬೂಷ್ಟು, ಧೂಳಿನಲ್ಲಿರುವ ಸೂಕ್ಷ್ಮ ಕೀಟಗಳು ಇವೇ ಮೊದಲಾದುವುಗಳಿಂದ ಹುಟ್ಟುವ ಈ ಬಾಧೆ ನಾಯಿಗಳಲ್ಲಿ ಪ್ರಾಯಶಃ 6 ತಿಂಗಳಿಂದ 3 ವರ್ಷದೊಳಗಿನ ವಯಸ್ಸಿನಲ್ಲಿ ಮೊದಲಾಗುತ್ತದೆ. ಅದರಲ್ಲಿ ವಂಶದ ಪಾಲೂ ಉಂಟು. ಪಾದ, ಕಿವಿ, ಮುಖ, ಕಂಕುಳು, ತೊಡೆಸಂದು, ಇವು ಅದರ ನೆಲೆಗಳು. ಮೊದಲು ಒಂದು ಋತುವಿಗೆ ಸೀಮಿತವಾಗಿದ್ದ ತುರಿಕೆ ಕೆಲವು ಪ್ರಾಣಿಗಳಲ್ಲಿ ಕ್ರಮೇಣ ವರ್ಷವಿಡೀ ವ್ಯಾಪಿಸುವುದೂ ಉಂಟು.

ಆದರೆ ಋತುಮಾನದ ತುರಿಕೆಯೆಲ್ಲವೂ ಪರಾಗದಿಂದಲೇ ಬಂದುದೆಂದು ನಿರ್ಣಯಿಸುವುದು ಅವಸರದ ಮಾತಾದೀತು. ಮೊದಲು ಸಂಶಯಿಸಬೇಕಾದುದು ಚಿಗಟವನ್ನು. ಅದರ ಎಂಜಲು ಒಗ್ಗದ ಪ್ರಾಣಿಗೆ ನಾಲ್ಕಾರು ಕಡಿತಗಳೇ ಸಾಕು. ನಾಯಿ ಬಾಲದ ಬುಡವನ್ನು ಕಚ್ಚಿಕೊಳ್ಳುತ್ತದೆ, ಬೆಕ್ಕಿನ ಕತ್ತು ಬೆನ್ನುಗಳ ಮೇಲೆ ಸಾಸಿವೆಯಂಥ ಹಕ್ಕಳೆಗಳು ಕೈಗೆ ಸಿಕ್ಕುತ್ತವೆ. ಮುಂಗಾರಿನ ಬೆಚ್ಚನೆಯ ತೇವದಲ್ಲಿ ಚಿಗಟ ಹೇರಳವಾಗಿ ವೃದ್ಧಿಯಾಗುತ್ತದೆ. ಪ್ರಾಣಿಯ ಮೈಮೇಲೆ ಕಾಣುವುದು ಅದರ ಸಂತತಿಯ ಅಲ್ಪಾಂಶ ಮಾತ್ರ. ಮೊಟ್ಟೆ, ಮರಿಹುಳು, ಗೂಡುಗಳು ಹಾಸಿಗೆಯಲ್ಲಿಯೂ ನೆಲದ ಬಿರುಕಿನಲ್ಲಿಯೂ ಅಡಗಿರುತ್ತವೆ. ಗೂಡಿನೊಳಗಿನ ಚಿಗಟವಂತೂ ತಿಂಗಳುಗಟ್ಟಲೆ ಕಾಯಬಲ್ಲುದು. ಮನೆಯ ಎಲ್ಲ ಪ್ರಾಣಿಗಳಿಗೂ ಒಟ್ಟಿಗೆ ಔಷಧ ಹಾಕಿ, ಹಾಸುಗಳನ್ನು ಬಿಸಿನೀರಿನಲ್ಲಿ ಒಗೆಯಬೇಕಾದ ಕಾರಣ ಇದೇ.

ಚಿಗಟದ ತರುವಾಯ ಕಜ್ಜಿ, ಹುಳುಕಡ್ಡಿಗಳ ಪರೀಕ್ಷೆ; ಅದಾದ ಮೇಲೆ ಆಹಾರದ ಸರದಿ. ಹಿಂದೆಂದೂ ತಿನ್ನದ ಪದಾರ್ಥವೊಂದನ್ನೇ ಸುಮಾರು 8 ವಾರ ಕೊಟ್ಟು, ಬಿಸ್ಕತ್ತಿನ ಚೂರೂ ಹಾಲಿನ ಹನಿಯೂ ಬಾಯಿಗೆ ಬೀಳದಂತೆ ಕಾದಲ್ಲದೆ ಆಹಾರದ ಅಲರ್ಜಿ ತಿಳಿಯದು. ಇವೆಲ್ಲ ಅಲ್ಲವೆಂದಾದ ಮೇಲೆ ಉಳಿಯುವುದೇ ಪರಾಗ, ಧೂಳುಗಳ ಅಲರ್ಜಿ.

ಶುಶ್ರೂಷೆಯಲ್ಲಿ ಮನೆಯವರ ಪಾಲು ಸಣ್ಣದಲ್ಲ. ತಿರುಗಾಟದಿಂದ ಬಂದೊಡನೆ ಒದ್ದೆ ಬಟ್ಟೆಯಿಂದ ಕಾಲು, ಹೊಟ್ಟೆಗಳನ್ನು ಒರಸಿ ಬೆರಳಸಂದುಗಳನ್ನು ಒಣಗಿಸುವುದು, ವೈದ್ಯರು ಹೇಳಿದ ಶಾಂಪುವನ್ನು ನೊರೆಯೆಬ್ಬಿಸಿ ಹತ್ತು ನಿಮಿಷ ಬಿಟ್ಟು ತೊಳೆಯುವುದು, ಮಳೆಗಾಲದ ಖಾಲಿ ನಿವೇಶನಗಳಲ್ಲಿ ಹೂಬಿಡುವ ಪಾರ್ಥೇನಿಯಂ ಕಳೆಯ ನಡುವೆ ನಾಯಿಯನ್ನು ಹಾಯಿಸದಿರುವುದು, ಇವು ಅಲ್ಪವೆಂದು ತೋರಿದರೂ ಔಷಧದ ಪ್ರಮಾಣವನ್ನು ತಗ್ಗಿಸಬಲ್ಲವು. ಕಿವಿಯಿಂದ ದುರ್ವಾಸನೆ ಬಂದರೆ, ಚರ್ಮ ಜಿಡ್ಡಾಗಿ ಕಪ್ಪೇರಿದರೆ, ಬ್ಯಾಕ್ಟೀರಿಯವೋ ಬೂಷ್ಟಿನ ಜಾತಿಯ ಯೀಸ್ಟೋ ಸೇರಿಕೊಂಡಿರಬಹುದು; ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಅವಶ್ಯ.

ಸ್ಟೀರಾಯ್ಡುಗಳು ತುರಿಕೆಯನ್ನು ಶೀಘ್ರವಾಗಿ ಶಮನಗೊಳಿಸುತ್ತವೆ. ದೀರ್ಘಕಾಲ ಕೊಟ್ಟರೆ ಅತಿಯಾದ ಬಾಯಾರಿಕೆ, ಹಸಿವು, ಮೂತ್ರಗಳನ್ನೂ ಬೆಕ್ಕುಗಳಲ್ಲಿ ಸಕ್ಕರೆ ಕಾಯಿಲೆಯ ಭಯವನ್ನೂ ತರುತ್ತವೆ. ನಾಯಿಗಳಿಗೆಂದು 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಓಕ್ಲಾಸಿಟಿನಿಬ್ ತುರಿಕೆಯ ಸಂಕೇತವನ್ನೇ ತಡೆಯುವ ಮಾತ್ರೆ. ಒಗ್ಗದ ವಸ್ತುವನ್ನೇ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಕೊಡುತ್ತ ದೇಹಕ್ಕೆ ರೂಢಿಮಾಡಿಸುವ ಚಿಕಿತ್ಸೆಯೂ ಉಂಟು. ಅದರ ಫಲ ತಿಳಿಯಲು ಒಂದು ವರ್ಷವಾದರೂ ಆಗಬಹುದು.

ಅತ್ಯಂತ ಶೋಚನೀಯವಾದುದು ಅಜ್ಞಾನದ ಚಿಕಿತ್ಸೆ. ಸೀಮೆಎಣ್ಣೆಯನ್ನೋ ವಾಹನದ ಹಳೆಯ ಎಂಜಿನ್ ಆಯಿಲನ್ನೋ ಬಳಿದರೆ ಚರ್ಮ ಸುಡುವುದಲ್ಲದೆ, ನೆಕ್ಕಿಕೊಂಡ ಪ್ರಾಣಿಯ ಒಡಲಿಗೂ ವಿಷ ಇಳಿಯುತ್ತದೆ. ನಾಯಿಗಳಿಗಾಗಿ ತಯಾರಾದ, ಪರ್ಮೆತ್ರಿನ್ ಬೆರೆತ ಚಿಗಟದ ಔಷಧ ಬೆಕ್ಕಿಗೆ ಪ್ರಾಣಾಂತಕ. ಮನುಷ್ಯರ ಪ್ಯಾರಸಿಟಮಾಲ್ ಮಾತ್ರೆಯೂ ಅಂತೆಯೇ.

ಪರಾಗದ ಅಲರ್ಜಿ ಬೇರುಸಹಿತ ಹೋಗುವುದು ವಿರಳ, ಹತೋಟಿಯಲ್ಲಿಡುವುದು ಸುಸಾಧ್ಯ. ತುರಿಕೆ ಯಾವ ತಿಂಗಳಲ್ಲಿ ಮೊದಲಾಯಿತು, ಮೈಯ ಯಾವ ಭಾಗದಲ್ಲಿ, ಆಗ ಏನು ತಿನ್ನುತ್ತಿತ್ತು ಎಂಬುದನ್ನು ಪುಸ್ತಕವೊಂದರಲ್ಲಿ ಬರೆದಿಟ್ಟು ಪಶುವೈದ್ಯರ ಬಳಿಗೆ ಒಯ್ಯಿರಿ. ಬಾಯಿಲ್ಲದ ಪ್ರಾಣಿಯ ಪರವಾಗಿ ವೈದ್ಯರಿಗೆ ಹೇಳಬೇಕಾದವರು ಅದನ್ನು ಸಾಕಿದವರೇ.