ಬಾಖ್ ನಡೆದ ಹತ್ತು ನಿಮಿಷದ ದಾರಿ

1723ರ ಮೇ 22, ಶನಿವಾರ. ನಡುಮಧ್ಯಾಹ್ನ ಮನೆಸಾಮಾನು ಹೇರಿದ ನಾಲ್ಕು ಬಂಡಿಗಳು ಕ್ಯೋಥೆನ್ ಊರಿಂದ ಲೈಪ್‌ಜಿಗ್‌ಗೆ ಬಂದವು. ಎರಡು ಗಂಟೆಗೆ ಎರಡು ಸಾರೋಟುಗಳಲ್ಲಿ ಮನೆಮಂದಿ ಬಂದಿಳಿದರು. 38 ವರ್ಷದ ಯೋಹಾನ್ ಸೆಬಾಸ್ಟಿಯನ್ ಬಾಖ್ ಹೊಸ ನೌಕರಿಗೆಂದು ಸಂಸಾರ ಸಮೇತ ಊರು ಬದಲಿಸಿದ್ದ. ಹ್ಯಾಂಬರ್ಗ್‌ನ ಪತ್ರಿಕೆಯೊಂದು ಇದನ್ನು ಸುದ್ದಿ ಮಾಡಿದ್ದರಿಂದ ಬಂಡಿಗಳ ಲೆಕ್ಕ ಇವತ್ತಿಗೂ ಉಳಿದಿದೆ.

ಯುರೋಪಿನಲ್ಲಿ ಸಂಗೀತಗಾರರ ಜಾಡು ಹಿಡಿದು ಊರು ಸುತ್ತಿಸುವ ನಡಿಗೆಗಳು ಬೇಕಾದಷ್ಟಿವೆ. ಸಾಲ್ಸ್‌ಬರ್ಗ್‌ನಲ್ಲಿ ಮೊಜಾರ್ಟ್ ಹುಟ್ಟಿದ ಮನೆಯ ಮುಂದೆ ಸದಾ ಜನ. ವಿಯೆನ್ನಾದಲ್ಲಿ ಬೀಥೋವನ್ ಬಿಟ್ಟುಹೋದ ಬಾಡಿಗೆ ಮನೆಗಳನ್ನು ಹುಡುಕುವುದರಲ್ಲೇ ಕಾಲು ಸೋಲುತ್ತವೆ. ಲೈಪ್‌ಜಿಗ್‌ನಲ್ಲಿ ಅಷ್ಟು ಅಲೆಯಬೇಕಿಲ್ಲ. ಬಾಖ್ ಸಾಯುವವರೆಗೆ, 27 ವರ್ಷ, ಇಲ್ಲೇ ಇದ್ದ. ಮನೆ, ಶಾಲೆ, ಎರಡು ದೊಡ್ಡ ಚರ್ಚ್‌ಗಳು, ಸಂಬಳ ಕೊಡುತ್ತಿದ್ದ ಪುರಭವನ, ಸಂಜೆ ಕಛೇರಿ ನಡೆಸುತ್ತಿದ್ದ ಕಾಫಿ ಅಂಗಡಿ ಎಲ್ಲವೂ ಈ ತುದಿಯಿಂದ ಆ ತುದಿಗೆ ಹತ್ತು ನಿಮಿಷದ ನಡಿಗೆಯಷ್ಟೇ ದೂರ. ಈ ನಡಿಗೆಯ ಬೆಲೆ ಇರುವುದೇ ಆ ಕಿರಿದಳತೆಯಲ್ಲಿ. ನಾವು ದೇವರಮನೆಯಲ್ಲಿ ಕೂರಿಸಿಬಿಟ್ಟಿರುವ ಆ ಸಂಗೀತ ಹುಟ್ಟಿದ್ದು ದಿನನಿತ್ಯದ ದುಡಿಮೆಯ ನಡುವೆ ಎಂಬುದು ಇಲ್ಲಿ ಕಾಲಿಗೇ ತಿಳಿಯುತ್ತದೆ.

ಊರಿನವರು ಇದಕ್ಕಾಗಿ ನೆಲದಲ್ಲೇ ಗುರುತು ಹಾಕಿದ್ದಾರೆ. 2012ರಲ್ಲಿ ತೆರೆದ ‘ನೋಟೆನ್‌ಶ್ಪುರ್’ ಎಂಬ ಸಂಗೀತ ದಾರಿಯಲ್ಲಿ ಕಾಲುಹಾದಿಯ ಕಲ್ಲುಗಳ ನಡುವೆ ಸ್ಟೀಲಿನ ಬಾಗಿದ ಪಟ್ಟಿಗಳನ್ನು ಕೂರಿಸಲಾಗಿದೆ. ಸುಮಾರು 5 ಕಿ.ಮೀ. ಉದ್ದದ ಈ ದಾರಿ ಬಾಖ್‌ನ ಜೊತೆಗೆ ಸಂಗೀತಗಾರರಾದ ಮೆಂಡೆಲ್ಸನ್, ಶೂಮನ್ ಬಾಳಿದ ಮನೆಗಳನ್ನೂ ಮುಟ್ಟುತ್ತದೆ. ಒಬ್ಬರೇ ಹೋಗಬಹುದು, ಗೈಡ್ ಜೊತೆಗೂ ಹೋಗಬಹುದು. ಮೊದಲ ಸಲ ಹೋಗುವವರು ಗೈಡ್ ಜೊತೆಗೇ ಹೋಗಲಿ ಎನ್ನುತ್ತೇನೆ. ಬಾಖ್ ಕಂಡ ಲೈಪ್‌ಜಿಗ್‌ನ ಮುಕ್ಕಾಲು ಪಾಲು ಈಗಿಲ್ಲ. ಇಲ್ಲದ್ದನ್ನು ತೋರಿಸಲು ಮನುಷ್ಯರೇ ಬೇಕು.

ನಡಿಗೆಯನ್ನು ಮಾರುಕಟ್ಟೆ ಚೌಕದ ಹಳೆಯ ಪುರಭವನದಿಂದ ಶುರು ಮಾಡುವುದು ಒಳ್ಳೆಯದು. ಚರ್ಚ್ ಸಂಗೀತವನ್ನೂ ಶಾಲೆಯ ಹಾಡಿನ ಪಾಠವನ್ನೂ ನೋಡಿಕೊಳ್ಳುವ ಕ್ಯಾಂಟರ್ ಹುದ್ದೆಗೆ ಊರ ಸಭೆಯ ಮೊದಲ ಆಯ್ಕೆ ಬಾಖ್ ಆಗಿರಲಿಲ್ಲ. ಆಗ ಅವನಿಗಿಂತ ಹೆಸರುವಾಸಿಯಾಗಿದ್ದ ಟೆಲೆಮನ್ ಹಿಂದೆ ಸರಿದ, ಗ್ರೌಪ್ನರ್‌ನನ್ನು ಅವನ ದೊರೆ ಬಿಟ್ಟುಕೊಡಲಿಲ್ಲ. ಬಳಿಕ ಬಾಖ್‌ನ ಸರದಿ. 1723ರ ಮೇ 5ರಂದು ಅವನು ಒಪ್ಪಿ ಸಹಿ ಹಾಕಿದ ಷರತ್ತುಗಳನ್ನು ಕೇಳಿದರೆ ಇವತ್ತಿನ ನೌಕರರಿಗೂ ಮೈ ಉರಿದೀತು. ನಗರಾಧ್ಯಕ್ಷರ ಅಪ್ಪಣೆಯಿಲ್ಲದೆ ಊರು ಬಿಡಕೂಡದು. ಚರ್ಚ್‌ನ ಸಂಗೀತ ಬಹಳ ಉದ್ದವಾಗಕೂಡದು, ಒಪೆರಾದಂತೆ ಕೇಳಿಸಕೂಡದು. ಅದೇ ಕಟ್ಟಡದ ಮ್ಯೂಸಿಯಂನಲ್ಲಿ ಹೌಸ್‌ಮನ್ 1746ರಲ್ಲಿ ಬರೆದ ಬಾಖ್ ಚಿತ್ರವಿದೆ. ಪುಸ್ತಕಗಳಲ್ಲಿ ನಾವು ನೋಡುವ ಆ ಬಿಗಿದ ತುಟಿಯ ಮುಖ ಅದೇ.

ಅಲ್ಲಿಂದ ನಾಲ್ಕು ಹೆಜ್ಜೆಗೆ ಸೇಂಟ್ ಥಾಮಸ್ ಚರ್ಚ್. ಅದರ ಪಕ್ಕದಲ್ಲೇ ಶಾಲೆ ಇತ್ತು, ಶಾಲೆಯ ಒಂದು ಬದಿಯಲ್ಲಿ ಬಾಖ್ ಸಂಸಾರದ ಬಿಡಾರ. ಆ ಕಟ್ಟಡವನ್ನು 1902ರಲ್ಲಿ ಕೆಡವಿದರು. ಯುದ್ಧ ಕೆಡವಿದ್ದಲ್ಲ, ಬಾಂಬ್ ಬಿದ್ದಿದ್ದಲ್ಲ; ಬಾಖ್ ಯಾರೆಂದು ಲೋಕಕ್ಕೆಲ್ಲ ಗೊತ್ತಾದ ಮೇಲೆ ಊರೇ ಕೈಯಾರೆ ಕೆಡವಿದ್ದು. ಯೇಸುವಿನ ಯಾತನೆ, ಸಾವಿನ ಕತೆಯನ್ನು ಹಾಡಾಗಿಸಿದ ಮ್ಯಾಥ್ಯೂ ಪ್ಯಾಶನ್ ಬರೆದ ಕೋಣೆ ಹೀಗೆ ಹೋಯಿತೆಂಬುದನ್ನು ನನಗೆ ಇನ್ನೂ ಅರಗಿಸಿಕೊಳ್ಳಲಾಗಿಲ್ಲ.

ಶಾಲೆ ಇದ್ದ ಈ ಜಾಗದ ಮುಂದೆ ಗೈಡ್ ಎಷ್ಟು ಹೊತ್ತು ನಿಲ್ಲಿಸಿದರೂ ಸಾಲದು. ವಾರ ಹೇಗೆ ಉರುಳುತ್ತಿತ್ತು ಎಂಬುದು ಇಲ್ಲಿ ಗೊತ್ತಾಗಬೇಕು. ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ಪ್ರತಿ ಭಾನುವಾರಕ್ಕೂ ಒಂದು ಕ್ಯಾಂಟಾಟ ಸಿದ್ಧವಾಗಬೇಕಿತ್ತು: ಗಾಯಕರು, ತಂತಿವಾದ್ಯ, ಓಬೋ, ಆರ್ಗನ್ ಸೇರಿದ ಇಪ್ಪತ್ತು ಮೂವತ್ತು ನಿಮಿಷದ ಕೃತಿ. ವಾರದ ಆರಂಭದಲ್ಲಿ ರಚನೆ. ಶಾಯಿ ಆರುವ ಮೊದಲೇ ಒಬ್ಬೊಬ್ಬ ವಾದಕನ ಭಾಗವನ್ನೂ ಬಿಡಿ ಹಾಳೆಗೆ ನಕಲು ಮಾಡುವ ಕೆಲಸ. ಅದಕ್ಕೆ ಶಿಷ್ಯರು, ಮಕ್ಕಳು, ಹೆಂಡತಿ ಅನ್ನಾ ಮಗ್ದಲೇನಾ ಎಲ್ಲರೂ ಕೂರಬೇಕು. ಶನಿವಾರ ತಾಲೀಮು, ಭಾನುವಾರ ಬೆಳಗ್ಗೆ ಏಳಕ್ಕೆ ಪೂಜೆ. ನಡುವೆ ಹುಡುಗರಿಗೆ ಹಾಡಿನ ಪಾಠ. ನಾಲ್ಕು ವಾರಕ್ಕೊಮ್ಮೆ ಹಾಸ್ಟೆಲ್ ಮೇಲ್ವಿಚಾರಣೆಯ ಪಾಳಿ ಬೇರೆ. ಹುಡುಗರ ಪ್ರಾರ್ಥನೆ, ಊಟ, ನಿದ್ದೆ ಎಲ್ಲವನ್ನೂ ನೋಡಿಕೊಳ್ಳಬೇಕು. ಹೀಗೆ ಬರೆದದ್ದರಲ್ಲಿ ಸುಮಾರು 200 ಚರ್ಚ್ ಕ್ಯಾಂಟಾಟಗಳು ಉಳಿದಿವೆ. ದೇವಸ್ಥಾನದ ನಿತ್ಯಸೇವೆಗೆ ತಪ್ಪದೆ ನಾದಸ್ವರ ನುಡಿಸುತ್ತ ಬಂದ ವಿದ್ವಾಂಸರನ್ನು ಕಂಡವರಿಗೆ ಈ ಬಾಳು ಅಪರಿಚಿತವೆನಿಸದು.

ಚರ್ಚ್ ಮುಂದಿನ ಕಂಚಿನ ಪ್ರತಿಮೆ 1908ರದು. ಅದರ ಕೋಟಿನ ಎಡಜೇಬು ಹೊರಕ್ಕೆ ಮಗುಚಿಕೊಂಡಿದೆ. ಬಾಖ್‌ಗೆ ಸದಾ ದುಡ್ಡಿನ ಮುಗ್ಗಟ್ಟು ಎಂದು ಗೈಡ್‌ಗಳು ಅದನ್ನು ತೋರಿಸುತ್ತಾರೆ, ಗುಂಪು ನಗುತ್ತದೆ. ನನಗೆ ಆ ಮಾತಿಗಿಂತ 1730ರಲ್ಲಿ ಬಾಖ್ ತನ್ನ ಹಳೆಯ ಗೆಳೆಯ ಎರ್ಡ್‌ಮನ್‌ಗೆ ಬರೆದ ಪತ್ರ ಹೆಚ್ಚು ಹೇಳುತ್ತದೆ. ಅವನ ವರ್ಷದ ಆದಾಯ ಸುಮಾರು 700 ಟೇಲರ್ ಬೆಳ್ಳಿ ನಾಣ್ಯ. ಅದರಲ್ಲಿ ಶವಸಂಸ್ಕಾರಕ್ಕೆ ಹಾಡಿಸಿದ ದಕ್ಷಿಣೆಯೂ ಸೇರಿತ್ತು. ಹವೆ ಚೆನ್ನಾಗಿದ್ದು ಸಾವು ಕಡಿಮೆಯಾದ ವರ್ಷ ಅವನಿಗೆ ನೂರು ಟೇಲರ್‌ಗೂ ಹೆಚ್ಚು ಖೋತಾ. ಆ ಪತ್ರದಲ್ಲಿರುವುದು ದೊಡ್ಡ ಸಂಸಾರ ಸಾಕುವ ನೌಕರನ ಲೆಕ್ಕಾಚಾರ. ಬೇರೆ ಕಡೆ ಕೆಲಸ ಕೊಡಿಸಲಾದೀತೇ ಎಂದು ಕೇಳಲು ಅವನು ಅದನ್ನು ಬರೆದಿದ್ದ.

ಎದುರಿಗೆ ವ್ಯಾಪಾರಿ ಬೋಸೆ ಕುಟುಂಬದ ಮನೆ, ಈಗ ಬಾಖ್ ಮ್ಯೂಸಿಯಂ. ಬೋಸೆ ಮನೆಯ ಹೆಣ್ಣುಮಕ್ಕಳು ಬಾಖ್ ಮಕ್ಕಳ ನಾಮಕರಣಕ್ಕೆ ಧರ್ಮತಾಯಂದಿರಾಗಿ ನಿಂತವರು. ಇಲ್ಲಿ ಒಂದು ಆರ್ಗನ್ನಿನ ಕೀಲಿಮಣೆ ಭಾಗವಿದೆ. 1743ರಲ್ಲಿ ಸೇಂಟ್ ಜಾನ್ ಚರ್ಚ್‌ಗೆ ಕಟ್ಟಿದ ಆ ಆರ್ಗನ್ನನ್ನು ಬಾಖ್ ಸ್ವತಃ ನುಡಿಸಿ ಪರೀಕ್ಷಿಸಿದ್ದ. ಅವನ ಬೆರಳು ಸೋಕಿದ ವಸ್ತು ಎಂದು ಇಡೀ ಊರಿನಲ್ಲಿ ಧೈರ್ಯವಾಗಿ ಹೇಳಬಹುದಾದ ಕೆಲವೇ ವಸ್ತುಗಳಲ್ಲಿ ಅದೊಂದು.

ಸೇಂಟ್ ನಿಕೋಲಸ್ ಚರ್ಚ್‌ನತ್ತ ನಡೆವಾಗ 1724ರ ಗುಡ್ ಫ್ರೈಡೇ ಕತೆ ಕೇಳಬೇಕು. ಜಾನ್ ಪ್ಯಾಶನ್ ಮೊದಲ ಪ್ರಯೋಗ ಥಾಮಸ್ ಚರ್ಚ್‌ನಲ್ಲೆಂದು ಬಾಖ್ ಹಾಡಿನ ಪುಸ್ತಿಕೆಯನ್ನೂ ಅಚ್ಚು ಹಾಕಿಸಿಬಿಟ್ಟಿದ್ದ. ಊರ ಸಭೆ ಒಪ್ಪಲಿಲ್ಲ, ಈ ಬಾರಿ ನಿಕೋಲಸ್‌ನ ಸರದಿ ಎಂದಿತು. ಅಲ್ಲಿ ಅಟ್ಟದ ಮೇಲೆ ಜಾಗ ಸಾಲದು, ಹಾರ್ಪ್ಸಿಕಾರ್ಡ್ ರಿಪೇರಿಯಾಗಬೇಕು ಎಂದು ಬಾಖ್ ತಕರಾರು ತೆಗೆದ. ಕೊನೆಗೆ ಅಲ್ಲೇ ನಡೆಯಿತು. ಈಗ ಕಾಣುವ ತಾಳೆಮರದಂಥ ಬಿಳಿಕಂಬಗಳು ಬಾಖ್ ಸತ್ತ ಮೇಲಿನವು. 1989ರ ಅಕ್ಟೋಬರ್‌ನಲ್ಲಿ ಪೂರ್ವ ಜರ್ಮನಿಯ ಸರ್ಕಾರವನ್ನು ಅಲುಗಾಡಿಸಿದ ಸೋಮವಾರದ ಮೆರವಣಿಗೆಗಳು ಹೊರಟದ್ದೂ ಇದೇ ಬಾಗಿಲಿಂದ.

ಕಾಫಿ ಚಟವನ್ನು ತಮಾಷೆ ಮಾಡುವ ಬಾಖ್‌ನ ಕಾಫಿ ಕ್ಯಾಂಟಾಟದ ಕಾರಣಕ್ಕೆ ಎಲ್ಲರೂ ಕೇಳುವ ಝಿಮ್ಮರ್‌ಮನ್ ಕಾಫಿ ಮನೆ ಕ್ಯಾಥರೀನನ್ ಬೀದಿಯಲ್ಲಿತ್ತು. 1729ರಿಂದ ಬಾಖ್ ಅಲ್ಲಿ ವಿಶ್ವವಿದ್ಯಾಲಯದ ಹುಡುಗರ ಸಂಗೀತ ಕೂಟವನ್ನು ನಡೆಸುತ್ತಿದ್ದ. ಚಳಿಗಾಲದ ಶುಕ್ರವಾರ ರಾತ್ರಿ ಎಂಟರಿಂದ ಹತ್ತು. 1943ರ ಡಿಸೆಂಬರ್‌ನ ಬಾಂಬ್ ದಾಳಿಯಲ್ಲಿ ಆ ಮನೆ ಹೋಯಿತು.

ಮತ್ತೆ ಥಾಮಸ್ ಚರ್ಚ್‌ಗೇ ಬರಬೇಕು, ಸಮಾಧಿ ಅಲ್ಲಿದೆ. ಬಾಖ್‌ನನ್ನು 1750ರಲ್ಲಿ ಹೂತದ್ದು ಊರಾಚೆಯ ಸೇಂಟ್ ಜಾನ್ ಸ್ಮಶಾನದಲ್ಲಿ, ಕಲ್ಲೊಂದನ್ನೂ ನೆಡದೆ. 1894ರಲ್ಲಿ ಅಗೆದಾಗ ಸಿಕ್ಕ ಅಸ್ಥಿಯನ್ನು ಅಂಗರಚನಾ ತಜ್ಞ ವಿಲ್ಹೆಲ್ಮ್ ಹಿಸ್ ಪರೀಕ್ಷಿಸಿದ. ಆ ತಲೆಬುರುಡೆಯ ಅಳತೆಯ ಮೇಲೆ ಮುಖ ರೂಪಿಸಿದ ಶಿಲ್ಪಿ ಸೆಫ್ನರ್‌ನೇ ಮುಂದೆ ಜೇಬಿನ ಪ್ರತಿಮೆಯನ್ನೂ ಮಾಡಿದ. ಈಗಿನ ಜಾಗಕ್ಕೆ, ಕಂಚಿನ ಹಾಸಿನ ಕೆಳಗೆ, ಆ ಅಸ್ಥಿ ಬಂದದ್ದು ಯುದ್ಧದಲ್ಲಿ ಸೇಂಟ್ ಜಾನ್ ಚರ್ಚ್ ಹಾಳಾದ ಬಳಿಕ. ಅನ್ನಾ ಮಗ್ದಲೇನಾ 1760ರಲ್ಲಿ ದತ್ತಿಯ ಹಣದಲ್ಲಿ ಬದುಕುತ್ತ ತೀರಿಕೊಂಡಳು. ಎಷ್ಟೋ ಕೃತಿಗಳು ಅವಳ ಕೈಬರಹದಲ್ಲೇ ಉಳಿದಿವೆ. ಗೈಡ್ ಅವಳ ಹೆಸರೆತ್ತದಿದ್ದರೆ ನೀವೇ ಕೇಳಿ.

ಚರ್ಚ್ ಬಳಿಯ ಉದ್ಯಾನದಲ್ಲಿ ಬಾಖ್‌ನ ಹಳೆಯ ಸ್ಮಾರಕವಿದೆ. ಅದಕ್ಕೆ ಹಣ ಕೂಡಿಸಲು ಮೆಂಡೆಲ್ಸನ್ 1840ರಲ್ಲಿ ಇದೇ ಚರ್ಚ್‌ನಲ್ಲಿ ಆರ್ಗನ್ ಕಛೇರಿ ಮಾಡಿದ. 1843ರ ಅನಾವರಣಕ್ಕೆ ಬಾಖ್‌ನ ಮುದಿ ಮೊಮ್ಮಗ ಬಂದಿದ್ದ. ಯಹೂದಿ ಎಂಬ ಕಾರಣಕ್ಕೆ ಮೆಂಡೆಲ್ಸನ್‌ನ ಸ್ವಂತ ಪ್ರತಿಮೆಯನ್ನು 1936ರಲ್ಲಿ ನಾಜಿಗಳು ಕಿತ್ತೊಗೆದರು. ಅದರ ಪ್ರತಿರೂಪ 2008ರಲ್ಲಿ ಥಾಮಸ್ ಚರ್ಚ್ ಎದುರಿಗೆ ಬಂದು ನಿಂತಿತು.

ಈ ನಡಿಗೆಗೆ ಶುಕ್ರವಾರ ಮಧ್ಯಾಹ್ನವನ್ನೇ ಆರಿಸಿಕೊಳ್ಳಿ. ಶಾಲಾ ದಿನಗಳಲ್ಲಿ ಶುಕ್ರವಾರ ಸಂಜೆ ಆರಕ್ಕೆ, ಶನಿವಾರ ಮಧ್ಯಾಹ್ನ ಮೂರಕ್ಕೆ ಥಾಮಸ್ ಚರ್ಚ್‌ನಲ್ಲಿ ‘ಮೋಟೆಟ್’ ಎಂಬ ಹಾಡಿನ ಪ್ರಾರ್ಥನೆ ಇರುತ್ತದೆ. ಹಾಡುವವರು ಬಾಖ್ ಕಲಿಸಿದ ಅದೇ ಶಾಲೆಯ ಥಾಮಾನರ್ ಹುಡುಗರು. 1212ರಿಂದ ನಡೆದುಬಂದ ಮೇಳ ಅದು. ಈಗ ಸುಮಾರು ನೂರು ಮಂದಿ. ಬಾಗಿಲಲ್ಲಿ ಅಲ್ಪ ಬೆಲೆಗೆ ಕೊಳ್ಳುವ ಕಾರ್ಯಕ್ರಮದ ಹಾಳೆಯೇ ಟಿಕೆಟ್. ಬೇಗ ಹೋಗಿ ನಡುಭಾಗದಲ್ಲಿ ಕುಳಿತುಕೊಳ್ಳಿ. ಹುಡುಗರು ಪಶ್ಚಿಮದ ಅಟ್ಟದ ಮೇಲೆ ನಿಂತು ಹಾಡುತ್ತಾರೆ, ಬಾಖ್ ಕಾಲದಲ್ಲೂ ಹಾಡಿದ್ದು ಆ ಬದಿಯಿಂದಲೇ. ಆದ್ದರಿಂದ ಸಮಾಧಿಯತ್ತ ಮುಖ ಮಾಡಿ ಕುಳಿತವರಿಗೆ ಹಾಡು ಬೆನ್ನ ಹಿಂದಿನಿಂದ ಬರುತ್ತದೆ. ತಿರುಗಿ ನೋಡಬೇಕಿಲ್ಲ, ಕೇಳಿದರೆ ಸಾಕು.