ಮೂಲೆಯಲ್ಲಿ ಕೂತ ದೋಣಿ ಮೋಟಾರು: ಕಾರಂಜಾ ದಂಡೆಯಲ್ಲಿ ಕಲಿತ ಪಾಠ

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಬೀದರಿನ ಮಾತೇಕೆ, ಅದರಲ್ಲೂ ದೋಣಿಯ ಮಾತೇಕೆ ಎಂದು ಸದಸ್ಯ ಬಂಧುಗಳು ಹುಬ್ಬೇರಿಸಬಹುದು. ಬೀದರ್ ಜಿಲ್ಲೆಯಲ್ಲಿ ಕಾಫಿ ಗಿಡವಿಲ್ಲ, ಅಡಿಕೆ ತೋಟದ ನೆರಳೂ ಇಲ್ಲ. ತೊಗರಿ, ಸೋಯಾ, ಕಬ್ಬಿನ ಕಪ್ಪು ನೆಲ ಅದು. ಅಲ್ಲಿನ ಜಿಲ್ಲಾ ಸಹಕಾರಿ ಬ್ಯಾಂಕು ಸ್ವಸಹಾಯ ಗುಂಪುಗಳಿಗೆ ಸಾಲ ಕೊಡುವ ಕೆಲಸದಲ್ಲಿ ಹೆಸರು ಮಾಡಿದ್ದು. ಅದನ್ನು ನೋಡಿ ಬರಲೆಂದು ನಾವು ಹೋಗಿದ್ದೆವು. ಸಾಲದ ವಿಚಾರವನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ. ಈ ಸಲ, ಆ ಪ್ರವಾಸದಲ್ಲಿ ಅನಿರೀಕ್ಷಿತವಾಗಿ ಕೈಗೆ ಹತ್ತಿದ ಎಣ್ಣೆ, ಮಸಿಯ ಪಾಠವನ್ನು ಹೇಳುತ್ತೇವೆ. ಹಿನ್ನೀರಿನ ಅಂಚಿನಲ್ಲಿ ತೋಟವಿರುವವರೂ, ಮೂಲೆಯಲ್ಲೊಂದು ಹಳೆಯ ಪವರ್ ಸ್ಪ್ರೇಯರ್ ಇರುವವರೂ ಇದನ್ನು ತಪ್ಪದೆ ಓದಬೇಕು.

ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಕಾರಂಜಾ ನದಿಗೆ ಅಡ್ಡಲಾಗಿ ಕಟ್ಟಿದ ಜಲಾಶಯವಿದೆ. ಕಾರಂಜಾ ಹೋಗಿ ಸೇರುವುದು ಮಾಂಜ್ರಾ ನದಿಗೆ, ಮಾಂಜ್ರಾ ಸೇರುವುದು ಗೋದಾವರಿಗೆ. ಸಂಜೆ ಆ ದಂಡೆಗೆ ಹೋದಾಗ ನಾಲ್ಕೈದು ಮಂದಿ ಮೀನುಗಾರರು ಒಂದು ಫೈಬರ್ ದೋಣಿಯ ಸುತ್ತ ನಿಂತು ಸರದಿಯಂತೆ ಮೋಟಾರಿನ ಹಗ್ಗ ಎಳೆಯುತ್ತಿದ್ದರು. ದೋಣಿಯೂ ಮೋಟಾರೂ ಬೇರೆಯವರಿಂದ ಕೊಂಡ ಹಳೆಯ ಸರಕು. ಹಿಂದೆ ನೇತುಹಾಕುವ ಔಟ್‌ಬೋರ್ಡ್ ಮೋಟಾರು. ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಇಂಜಿನ್ನು. ಅವರಲ್ಲಿ ಹಿರಿಯರೊಬ್ಬರು, "ಎರಡ್ ವರ್ಷ ಎತ್ತಿ ಇಟ್ಟಿದ್ವಿ ನೋಡ್ರಿ ಸರ್. ಈಗ ಎಷ್ಟ್ ಎಳದ್ರೂ ಸ್ಟಾರ್ಟೇ ಆಗವಲ್ದು" ಎಂದರು.

ನಮಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಕೆಲವು ವರ್ಷಗಳ ಹಿಂದೆ ನಮ್ಮದೇ ದೋಣಿ ನಾಲ್ವರು ಆಳುಗಳನ್ನು ಹೊತ್ತು ಹಿನ್ನೀರಿನ ನಡುವೆ ನಿಂತುಬಿಟ್ಟಿತ್ತು. ಗಾಳಿ ಎದ್ದಿತ್ತು, ಕತ್ತಲಾಗುತ್ತಿತ್ತು, ದೋಣಿಯಲ್ಲಿ ಹುಟ್ಟು ಇರಲಿಲ್ಲ. ಕೊನೆಗೆ ಕಾರಣ ಸಿಕ್ಕಿತು: ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿ ತಿರುಪನ್ನು ನಾವು ಬಿಚ್ಚಿರಲಿಲ್ಲ. ಟ್ಯಾಂಕಿನೊಳಗೆ ಗಾಳಿ ಹೋಗದಿದ್ದರೆ ಪೆಟ್ರೋಲು ಹೊರಗೆ ಬರುವುದಿಲ್ಲ; ಇಂಜಿನ್ನು ಕೆಲವು ನಿಮಿಷ ಓಡಿ ಬಾಯಾರಿ ನಿಲ್ಲುತ್ತದೆ. ಬೆರಳ ತುದಿಯ ಕೆಲಸವೊಂದು ನಾಲ್ಕು ಮನೆಗಳ ದೀಪ ಆರಿಸುವುದರಲ್ಲಿತ್ತು.

ಮೊದಲು ಸುಲಭವಾದದ್ದು

ಆದ್ದರಿಂದ ಕಾರಂಜಾ ದಂಡೆಯಲ್ಲೂ ಹಗ್ಗ ಎಳೆಯುವುದನ್ನು ನಿಲ್ಲಿಸಿ, ಪಾನಾ ಹಿಡಿಯುವ ಮೊದಲು ಕಣ್ಣಿನಿಂದಲೇ ಪರೀಕ್ಷೆ ಶುರುಮಾಡಿದೆವು. ಗಾಳಿ ತಿರುಪು ಬಿಚ್ಚಿದೆಯೇ? ರಬ್ಬರ್ ಪಂಪಿನ ಮೇಲಿನ ಬಾಣದ ಗುರುತು ಇಂಜಿನ್ನಿನ ಕಡೆಗಿದೆಯೇ? ಗೇರು ನ್ಯೂಟ್ರಲ್‌ನಲ್ಲಿದೆಯೇ? ಇಂಜಿನ್ನು ನಿಲ್ಲಿಸುವ ಗುಂಡಿಯ ಕೆಳಗೆ ಕೆಂಪು ಹಗ್ಗದ ಕ್ಲಿಪ್ಪು ಕೂತಿದೆಯೇ? ಚಾಲಕ ನೀರಿಗೆ ಬಿದ್ದರೆ ಇಂಜಿನ್ನು ತಾನಾಗಿ ನಿಲ್ಲಲೆಂದು ಇಟ್ಟ ಆ ಕ್ಲಿಪ್ಪು ಕಳೆದುಹೋಗಿದ್ದರೆ ಎಷ್ಟು ಎಳೆದರೂ ಕಿಡಿ ಬಾರದು. ಇವೆಲ್ಲ ಸರಿಯಾಗಿದ್ದವು.

ಅನಂತರ ಪ್ಲಗ್ಗು. ಹಗ್ಗವನ್ನು ಹತ್ತು ಸಲ ಎಳೆದು ಪ್ಲಗ್ಗು ಬಿಚ್ಚಿ ನೋಡಿದರೆ ಅರ್ಧ ರೋಗ ತಿಳಿಯುತ್ತದೆ. ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿಯನ್ನು ಸಂಶಯಿಸಿ. ಒಣಗಿದ್ದರೆ ಪೆಟ್ರೋಲಿನ ದಾರಿಯನ್ನು ಹುಡುಕಿ. ಕಿಡಿ ನೋಡಬೇಕಾದರೆ ಟ್ಯಾಂಕನ್ನು ದೂರವಿಟ್ಟು, ಚೆಲ್ಲಿದ ಪೆಟ್ರೋಲು ಒಣಗಿದ ಮೇಲೆ, ಪ್ಲಗ್ಗಿನ ಲೋಹದ ಮೈಯನ್ನು ಇಂಜಿನ್ನಿಗೆ ತಾಗಿಸಿ ಹಗ್ಗ ಎಳೆಯಿರಿ; ವೈರಿನ ತುದಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ನೀಲಿ ಕಿಡಿ ಚಟಪಟ ಹಾರಿದರೆ ಸರಿ. ಅಲ್ಲಿ ಎರಡೂ ಪ್ಲಗ್ಗುಗಳಿಗೆ ಕಿಡಿಯಿತ್ತು, ಆದರೆ ಎರಡೂ ಒಣಗಿದ್ದವು. ಅಂದರೆ ರೋಗವಿದ್ದುದು ಪೆಟ್ರೋಲಿನ ದಾರಿಯಲ್ಲಿ.

ಕಬ್ಬು ಟ್ಯಾಂಕಿಗೆ ಬಂದದ್ದು

ಕಾರ್ಬ್ಯುರೇಟರಿನ ಬಟ್ಟಲು ಬಿಚ್ಚಿದಾಗ ತಳದಲ್ಲಿ ಜಿಗುಟಾದ ಕಂದು ಪದರ, ಅದರ ಮೇಲೆ ನೀರಿನ ಗುಳ್ಳೆಗಳು. ಸಣ್ಣ ಜೆಟ್ಟಿನ ರಂಧ್ರ ಪೂರ್ತಿ ಕಟ್ಟಿಕೊಂಡಿತ್ತು. ರಬ್ಬರ್ ಕೊಳವೆ ಬಿರುಕು ಬಿಟ್ಟು ಗಾಳಿ ಎಳೆಯುತ್ತಿತ್ತು.

ಇದರಲ್ಲಿ ಸ್ವಲ್ಪ ಪಾಲು ಈ ಕಾಲದ ಪೆಟ್ರೋಲಿನದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಕಬ್ಬಿನ ಹಾಲು, ಕಾಕಂಬಿಗಳಿಂದಲೂ ಆಗುವ ವಸ್ತು. ಕಬ್ಬು ಬೆಳೆಯುವ ಬೀದರಿನ ರೈತನಿಗೆ ಅದರಿಂದ ಅನುಕೂಲವಿರಬಹುದು. ಆದರೆ ಅದು ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಇಂಜಿನ್ನು ಮೊದಲು ಕುಡಿಯುವುದು ಅದನ್ನೇ. ಹಳೆಯ ಕಾಲದ ರಬ್ಬರ್ ಕೊಳವೆಗಳಿಗೂ ಎಥನಾಲ್ ಒಗ್ಗುವುದಿಲ್ಲ. ಅನುಮಾನವಿದ್ದರೆ ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಸ್ವಲ್ಪ ಹೊತ್ತು ಇಡಿ. ಎರಡು ಪದರ ಕಂಡರೆ ಆ ಪೆಟ್ರೋಲು ಇಂಜಿನ್ನಿಗೆ ಯೋಗ್ಯವಲ್ಲ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ನಮ್ಮ ಸ್ಪ್ರೇಯರುಗಳು ಮುಂದಿನ ಮಳೆಗಾಲಕ್ಕೆ ಮೊಂಡು ಹಿಡಿಯುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಎಣ್ಣೆಯ ಪ್ರಮಾಣದಲ್ಲೂ ಎಚ್ಚರ ಬೇಕು. 50ಕ್ಕೆ 1 ಎಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ, 25ಕ್ಕೆ 1 ಎಂದರೆ 40 ಮಿಲಿ. ಹಳೆಯ ಮೋಟಾರಿಗೆ ಯಾವುದೆಂದು ಅದರ ಕೈಪಿಡಿ ಅಥವಾ ಮೈಮೇಲಿನ ಪಟ್ಟಿ ಹೇಳುತ್ತದೆ. ಬೈಕಿನ ಎಣ್ಣೆ ಬೇರೆ, ನೀರಿನಿಂದ ತಂಪಾಗುವ ದೋಣಿ ಮೋಟಾರಿನ ಎಣ್ಣೆ ಬೇರೆ.

ಮರುದಿನ ಬೀದರ್ ನಗರದ ಬೈಕ್ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಪೆಟ್ರೋಲ್ ಕೊಳವೆ, ಕ್ಲಾಂಪು, ಹಳೆಯದರ ನಂಬರಿಗೇ ಸರಿಹೊಂದುವ ಪ್ಲಗ್ಗು ಸಿಕ್ಕವು. ಉದ್ದ ಹೆಚ್ಚಾದ ಪ್ಲಗ್ಗು ಪಿಸ್ಟನ್ನಿಗೆ ಬಡಿಯಬಹುದಾದ್ದರಿಂದ ನಂಬರು ನೋಡದೆ ಕೊಳ್ಳಬಾರದು.

ಓಡಿತು, ಆದರೂ ನಿಲ್ಲಿಸಿದೆವು

ದೊಡ್ಡ ಡ್ರಮ್ಮಿಗೆ ನೀರು ತುಂಬಿ ಮೋಟಾರಿನ ಕಾಲನ್ನು ಅದರಲ್ಲಿ ಮುಳುಗಿಸಿದೆವು. ಔಟ್‌ಬೋರ್ಡ್ ಮೋಟಾರನ್ನು ನೀರಿಲ್ಲದೆ ಓಡಿಸಲೇಬಾರದು. ಕೆಳಗಿನ ರಬ್ಬರ್ ಇಂಪೆಲ್ಲರ್ ಕ್ಷಣಮಾತ್ರದಲ್ಲಿ ಉಜ್ಜಿ ಹಾಳಾಗುತ್ತದೆ. ಮೂರನೆಯ ಎಳೆತಕ್ಕೆ ಇಂಜಿನ್ನು ಗುಡುಗಿತು. ಹುಡುಗರು ಕೇಕೆ ಹಾಕಿದರು. ಆದರೆ ಇಂಜಿನ್ನಿನ ಹಿಂಬದಿಯಿಂದ ಚಿಮ್ಮಬೇಕಾದ ನೀರಿನ ಎಳೆ ಕಾಣಲಿಲ್ಲ. ಆ ಎಳೆ ಇಲ್ಲವೆಂದರೆ ಇಂಜಿನ್ನಿಗೆ ತಂಪು ನೀರು ಹೋಗುತ್ತಿಲ್ಲವೆಂದು ತಿಳಿಯಬೇಕು. ಕೂಡಲೇ ನಿಲ್ಲಿಸಿದೆವು. ಕೆಲವೊಮ್ಮೆ ಆ ತೂತಿನಲ್ಲಿ ಕಸವಷ್ಟೇ ಇರುತ್ತದೆ; ತಂತಿ ತೂರಿಸಿ ನೋಡಿದೆವು, ಕಸವಿರಲಿಲ್ಲ. ಕೆಳಗೆ ಬಿಚ್ಚಿದಾಗ ಇಂಪೆಲ್ಲರಿನ ರೆಕ್ಕೆಗಳು ಎರಡು ವರ್ಷ ಒಂದೇ ಕಡೆಗೆ ಬಾಗಿ ಕೂತು ಕಲ್ಲಿನಂತಾಗಿದ್ದವು. ಅದು ಬೀದರಿನಲ್ಲಿ ಸಿಗಲಿಲ್ಲ, ಹೈದರಾಬಾದಿನಿಂದ ತರಿಸಬೇಕಾಯಿತು.

ಹುಡುಗರಿಗೆ ಅಂದೇ ಬಲೆ ಬಿಡುವ ಆತುರ. ಹಿರಿಯರು ಒಪ್ಪಲಿಲ್ಲ. "ಒಂದಿನ ತಡ ಆದ್ರ ಮೀನ ಹೋಗ್ತಾವ, ಮನಷ್ಯಾ ಹೋಗಂಗಿಲ್ಲ" ಎಂದು ಮೋಟಾರನ್ನು ಇಳಿಸಿಸಿದರು. ನಮ್ಮ ಪ್ರವಾಸದಲ್ಲಿ ಕೇಳಿದ ಮಾತುಗಳಲ್ಲೆಲ್ಲ ತೂಕದ ಮಾತು ಅದೇ.

ಬೀದರಿನಿಂದ ಔರಾದಿಗೆ ಹೋಗುವಾಗ ಮಾಂಜ್ರಾ ದಾಟಬೇಕು. ಆ ಮಾತಿನ ಅರ್ಥ ಅಲ್ಲಿ ಇನ್ನಷ್ಟು ತಿಳಿಯಿತು. ಮಳೆ ಕೈಕೊಟ್ಟ ವರ್ಷ ಈ ನದಿ ಬತ್ತಿ ಮರಳಾಗುತ್ತದೆ. ಮಹಾರಾಷ್ಟ್ರದ ಧನೇಗಾಂವ್ ಜಲಾಶಯದಿಂದ ನೀರು ಬಿಟ್ಟಾಗ ಭಾಲ್ಕಿ, ಔರಾದ್ ತಾಲ್ಲೂಕುಗಳ ಹೊಲಗಳಿಗೆ ನುಗ್ಗುತ್ತದೆ. 2025ರ ಮಳೆಗಾಲದಲ್ಲಿ ಹಾಗೆಯೇ ಆಯಿತು. ಬರದ ವರ್ಷಗಳಲ್ಲಿ ಮೂಲೆಯಲ್ಲಿ ಕೂತ ಮೋಟಾರು ನೆರೆಯ ರಾತ್ರಿ ಒಂದೇ ಎಳೆತಕ್ಕೆ ಎದ್ದೇಳಬೇಕೆಂದು ನಾವು ಬಯಸುತ್ತೇವೆ. ಯಂತ್ರ ಓಡಿ ಕೆಡುವುದಕ್ಕಿಂತ ಕೂತು ಕೆಡುವುದೇ ಹೆಚ್ಚು.

ಸದಸ್ಯರಲ್ಲಿ ವಿನಂತಿ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ಶರಾವತಿ ಹಿನ್ನೀರಿನವರಿಗೆ ದೋಣಿಯೇ ದಾರಿಯಾಗಿತ್ತು. 2025ರಲ್ಲಿ ಸಿಗಂದೂರಿಗೆ ಸೇತುವೆಯಾದರೂ ಎಲ್ಲ ದಂಡೆಗೂ ಸೇತುವೆ ಬಂದಿಲ್ಲ. ಹಳೆಯ ದೋಣಿ ಕೊಳ್ಳುವವರು ಮೋಟಾರು ಕಚ್ಚುವ ಹಿಂಬದಿಯ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ಬಡಿದು ನೋಡಿ. ಟೊಳ್ಳು ಶಬ್ದ ಬಂದರೆ ಒಳಗಿನ ಮರ ಕೊಳೆತಿರಬಹುದು. ಗೇರಿನ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಸೀಲು ಸೋರುತ್ತಿದೆ. ಪಂಕದ ಹಿಂದೆ ಸುತ್ತಿಕೊಂಡ ಬಲೆಯ ನೂಲು ಅದಕ್ಕೆ ಕಾರಣವಿರಬಹುದು. ಇಂಜಿನ್ನು ಓಡುತ್ತಿದ್ದೂ ದೋಣಿ ಮುಂದೆ ಹೋಗದಿದ್ದರೆ ಪಂಕದ ಶಿಯರ್ ಪಿನ್ನು ಮುರಿದಿರಬಹುದು. ಆ ಬಗೆಯ ಮೋಟಾರಿದ್ದವರು ಬಿಡಿ ಪಿನ್ನೆರಡು, ಪ್ಲಗ್ಗೆರಡು ಜೊತೆಯಲ್ಲಿಡಿ.

ಕೆಲಸ ಮುಗಿದ ದಿನ ಪೆಟ್ರೋಲ್ ಕೊಳವೆ ಕಳಚಿ, ಮೋಟಾರಿನ ಕಾಲು ನೀರಿನಲ್ಲಿರುವಂತೆಯೇ, ಬಟ್ಟಲು ಬರಿದಾಗುವವರೆಗೆ ಇಂಜಿನ್ನು ಓಡಿಸಿ. ಉಳಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಇಡಬೇಡಿ. ತಿಂಗಳಿಗೊಮ್ಮೆ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಿ ನೀರಿನ ಎಳೆ ನೋಡಿ. ಹುಟ್ಟು, ಹಗ್ಗ, ಎಲ್ಲರಿಗೂ ತೇಲುವ ಜಾಕೆಟ್ಟು ಇಲ್ಲದೆ ದಂಡೆ ಬಿಡಬೇಡಿ.

ದೋಣಿಯುಳ್ಳ ಸದಸ್ಯರಿಗಾಗಿ ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಮೋಟಾರು ಓಡಿಸಿದ ತಾರೀಖನ್ನು ತಿಂಗಳಿಗೊಮ್ಮೆ ಬರೆದು ಸಹಿ ಮಾಡಿ. ಮೊದಲನೆಯ ಸಾಲಿನಲ್ಲಿ ನಮ್ಮ ದೋಣಿಯ ತಾರೀಖೇ ಇದೆ. ತಪ್ಪಿದರೆ ಕೇಳುವ ಹಕ್ಕು ನಿಮಗಿದೆ.